ಹಳೆಯ ಮನೆಗೆ ಹೊಸ ಪ್ಲಗ್ ಪಾಯಿಂಟ್: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕೋಣೆಗೊಂದು ಸ್ವಿಚ್ ಬೋರ್ಡ್, ಬೋರ್ಡಿಗೊಂದು 5 ಆಂಪಿಯರ್ ಪ್ಲಗ್, ಕೆಲವು ಕೋಣೆಗಳಿಗೆ ಅದೂ ಇಲ್ಲ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ, ಮಲೆನಾಡಿನ ಹೆಂಚಿನ ಮನೆಗಳಲ್ಲಿ ನಾಲ್ಕೈದು ದಶಕಗಳ ಹಿಂದೆ ಮಾಡಿದ ವೈರಿಂಗ್ ಇನ್ನೂ ಉಳಿದಿದ್ದರೆ ಅದು ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಆಗ ಮಲಗುವ ಕೋಣೆಗೆ ಬೇಕಾಗಿದ್ದದ್ದು ಒಂದು ದೀಪ, ಒಂದು ಫ್ಯಾನ್. ಈಗ ಅದೇ ಕೋಣೆಯಲ್ಲಿ ಕಂಪ್ಯೂಟರ್, ರೂಟರ್, ಇಸ್ತ್ರಿ ಪೆಟ್ಟಿಗೆ, ಎರಡು ಮೂರು ಚಾರ್ಜರ್ ಇವೆ. ಹಾಗಾಗಿ ಯಾರೋ ಬಂದು ಇರುವ ಬೋರ್ಡಿನಿಂದ ವೈರ್ ಎಳೆದು ಹೊಸ ಪಾಯಿಂಟ್ ಕೊಟ್ಟು ಹೋಗುತ್ತಾರೆ. ಆಮೇಲೆ ತೊಂದರೆ ಶುರುವಾಗುತ್ತದೆ: ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಬೀಳುತ್ತದೆ, ಟೆಸ್ಟರ್ ಹೊತ್ತಿದರೂ ಮಿಕ್ಸಿ ತಿರುಗುವುದಿಲ್ಲ, ಕಂಪ್ಯೂಟರಿನ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ, ಪ್ಲಗ್ ಬಿಸಿಯಾಗುತ್ತದೆ.

ಇಂಥ ಮನೆಗಳಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಹೊಸ ಸಾಕೆಟ್ಟನ್ನು ಬಿಚ್ಚಿ ನೋಡಿ, ಬದಲಿಸಿ, ಮತ್ತೆ ಬದಲಿಸಿ ದುಡ್ಡು ಕಳೆಯಬೇಡಿ. ದೋಷ ಸಾಕೆಟ್ಟಿನಲ್ಲಿ ಇರುವುದು ಅಪರೂಪ. ಆ ಸಾಕೆಟ್ಟಿಗೆ ನ್ಯೂಟ್ರಲ್ (ಕರೆಂಟ್ ವಾಪಸು ಹೋಗುವ ವೈರ್) ಎಲ್ಲಿಂದ ಬಂತು, ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರ್) ಎಲ್ಲಿಗೆ ಹೋಯಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಹೆಚ್ಚಿನ ದೋಷಗಳು ತಾವಾಗಿ ಬಯಲಾಗುತ್ತವೆ.

ಕೈ ಹಾಕುವ ಮೊದಲು

ಕರ್ನಾಟಕದಲ್ಲಿ ಮನೆಯ ವೈರಿಂಗ್ ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರಿಂದಲೇ ಮಾಡಿಸಬೇಕು. ಈ ಬರಹದಲ್ಲಿ ಮನೆಯವರು ಮಾಡಬಹುದಾದ ಪರೀಕ್ಷೆಗಳಿವೆ, ವೈರ್‌ಮನ್ ಮಾತ್ರ ಮಾಡಬೇಕಾದವೂ ಇವೆ. ಪ್ಲಗ್ ಚುಚ್ಚುವುದು, ತೆಗೆಯುವುದು, ಎಂಸಿಬಿ (ಲೋಡ್ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಇಳಿಸುವುದು, ಏರಿಸುವುದು, ಯಾವಾಗ ಏನಾಯಿತು ಎಂದು ಬರೆದಿಡುವುದು ಮನೆಯವರ ಕೆಲಸ. ಬೋರ್ಡಿನ ಮುಚ್ಚಳ ತೆಗೆಯುವುದು, ಫ್ಯೂಸಿನ ಕಟೌಟ್ (ಫ್ಯೂಸ್ ತಂತಿ ಕೂರಿಸುವ ಪಿಂಗಾಣಿ ಹಿಡಿಕೆ) ಮುಟ್ಟುವುದು, ಮೆಗ್ಗರ್ (ವೈರಿನ ಹೊದಿಕೆ ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) ಹಿಡಿಯುವುದು ವೈರ್‌ಮನ್ ಕೆಲಸ. ಮನೆಯವರು ಬರೆದಿಟ್ಟ ಟಿಪ್ಪಣಿ ಸರಿಯಿದ್ದರೆ ವೈರ್‌ಮನ್ ಕೆಲಸ ಅರ್ಧ ಮುಗಿದ ಹಾಗೆಯೇ.

ಹಳೆಯ ಮನೆಯಲ್ಲಿ ‘ಮೇನ್ ಆಫ್ ಮಾಡಿದ್ದೇನೆ’ ಎಂಬ ಮಾತನ್ನು ನಂಬಿ ಕೈ ಹಾಕಬಾರದು. ದೀಪಕ್ಕೊಂದು, ಹೀಟಿಂಗ್‌ಗೊಂದು ಎಂದು ಎರಡು ಮೇನ್ ಸ್ವಿಚ್ ಇರುವ ಮನೆಗಳಿವೆ. ಯುಪಿಎಸ್ ಇದ್ದರೆ ಮೇನ್ ಇಳಿಸಿದ ಕ್ಷಣದಲ್ಲೇ ಅದು ತನ್ನ ಲೈನಿಗೆ ಕರೆಂಟ್ ಕೊಡಲು ಶುರುಮಾಡುತ್ತದೆ. ಎರಡೂ ಮೇನ್ ಇಳಿಸಿ, ಯುಪಿಎಸ್ ಆರಿಸಿ, ಆಮೇಲೆ ಆ ಪಾಯಿಂಟಿನಲ್ಲಿ ಟೆಸ್ಟ್ ಲ್ಯಾಂಪ್ (ಎರಡು ವೈರ್ ಜೋಡಿಸಿದ ಬಲ್ಬು) ಇಟ್ಟು ನೋಡಬೇಕು. ಆ ಲ್ಯಾಂಪ್ ಚೆನ್ನಾಗಿದೆಯೇ ಎಂದು ಮೊದಲು ಕರೆಂಟ್ ಇರುವ ಕಡೆ ಹೊತ್ತಿಸಿ ನೋಡಿಕೊಂಡಿರಬೇಕು.

ವೈರಿನ ಬಣ್ಣವನ್ನೂ ನಂಬಬೇಡಿ. ಕೆಂಪು ಫೇಸ್ (ಕರೆಂಟ್ ಬರುವ ವೈರ್), ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಎಂಬುದು ಪದ್ಧತಿ ನಿಜ. ಆದರೆ ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ಫೇಸನ್ನು ಕೈಗೆ ಸಿಕ್ಕ ಕಪ್ಪು ವೈರಿನಲ್ಲೇ ಎಳೆದ ಮನೆಗಳು ಎಷ್ಟೋ ಇವೆ. ತೇಗದ ರೀಪಿನ ಮೇಲೆ ಕ್ಲಿಪ್ ಹೊಡೆದು ಕೂರಿಸಿದ ಹಳೆಯ ರಬ್ಬರ್ ಹೊದಿಕೆಯ ವೈರಾದರೆ ಎಲ್ಲವೂ ಒಂದೇ ಮಾಸಲು ಬಣ್ಣಕ್ಕೆ ತಿರುಗಿರುತ್ತದೆ. ಆ ರಬ್ಬರ್ ಇಷ್ಟು ವರ್ಷಗಳಲ್ಲಿ ಒಣಗಿ, ಬಗ್ಗಿಸಿದರೆ ಪುಡಿಯಾಗುತ್ತದೆ. ಪರೀಕ್ಷೆಗೆಂದು ಪೆಟ್ಟಿಗೆ ತೆರೆದು ವೈರನ್ನು ಎಳೆದಾಡಿದರೆ ಇಲ್ಲದ ದೋಷವನ್ನು ಹುಟ್ಟಿಸಿದಂತಾಗುತ್ತದೆ. ಆದ್ದರಿಂದ ಹೊರಗಿನಿಂದ ಎಷ್ಟು ತಿಳಿಯಬಹುದೋ ಅಷ್ಟನ್ನೂ ತಿಳಿದ ಮೇಲೆಯೇ ಪೆಟ್ಟಿಗೆ ತೆರೆಸಿ.

ಲೋಡ್ ಹಾಕಿದ ತಕ್ಷಣ ಆರ್‌ಸಿಸಿಬಿ ಬೀಳುತ್ತದೆ

ಎಲ್ಲಕ್ಕಿಂತ ಹೆಚ್ಚು ಕಾಣುವ ದೂರು ಇದು. ಅತಿ ಹೆಚ್ಚು ತಪ್ಪು ತೀರ್ಮಾನವಾಗುವುದೂ ಇದರಲ್ಲಿಯೇ.

ಆರ್‌ಸಿಸಿಬಿ ಮಾಡುವುದು ಒಂದೇ ಲೆಕ್ಕ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲಿನಲ್ಲಿ ತನ್ನ ಮೂಲಕವೇ ವಾಪಸು ಬಂತೇ ಎಂದು ನೋಡುತ್ತದೆ. ಮನೆಗಳಲ್ಲಿ ಹಾಕುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿಯಲ್ಲಿ ಈ ವ್ಯತ್ಯಾಸ 15ರಿಂದ 30 ಮಿಲಿ ಆಂಪಿಯರ್ ನಡುವೆ ಎಲ್ಲೋ ಒಂದು ಕಡೆ ತಲುಪಿದಾಗ ಅದು ಬೀಳುತ್ತದೆ. ಲೋಡ್ ಹೆಚ್ಚಾಯಿತು ಎಂದು ಅದು ಎಂದೂ ಬೀಳುವುದಿಲ್ಲ. ಅದನ್ನು ನೋಡಿಕೊಳ್ಳುವುದು ಎಂಸಿಬಿ.

ಈಗ ಹಳೆಯ ಮನೆಯ ಸ್ವಿಚ್ ಬೋರ್ಡಿನೊಳಗೆ ಏನಿದೆ ಎಂದು ನೋಡಿ. ಪ್ಲಗ್ ಇಲ್ಲದ, ಬರೀ ದೀಪ-ಫ್ಯಾನ್ ಸ್ವಿಚ್ಚುಗಳಿರುವ ಬೋರ್ಡಿಗೆ ಫೇಸ್ ಬರುತ್ತದೆ, ಸ್ವಿಚ್ಚಿನಿಂದ ದೀಪಕ್ಕೆ ವೈರ್ ಹೋಗುತ್ತದೆ, ಅಷ್ಟೆ. ನ್ಯೂಟ್ರಲ್ ಆ ಬೋರ್ಡಿಗೆ ಬರಬೇಕಾದ ಅಗತ್ಯವೇ ಇರಲಿಲ್ಲ. ಅದು ಮೇಲೆ ಜಂಕ್ಷನ್ ಬಾಕ್ಸಿನಿಂದ ನೇರವಾಗಿ ದೀಪಕ್ಕೆ, ಫ್ಯಾನಿಗೆ ಹೋಗುತ್ತದೆ. ಇಂಥ ಬೋರ್ಡಿನ ಪಕ್ಕದಲ್ಲಿ ಸಾಕೆಟ್ ಬೇಕು ಎಂದರೆ ಫೇಸ್ ಕೈಯಳತೆಯಲ್ಲೇ ಇದೆ, ನ್ಯೂಟ್ರಲ್ ಇಲ್ಲ. ಗೋಡೆಯ ಆಚೆ ಬದಿಯ ಕೋಣೆಯ ಬೋರ್ಡಿನಲ್ಲಿ ಪ್ಲಗ್ ಇದೆ, ಅಲ್ಲಿ ನ್ಯೂಟ್ರಲ್ ಇದೆ. ಗೋಡೆಗೊಂದು ತೂತು ಕೊರೆದರೆ ಮುಗಿಯಿತು. ಹೀಗೆ ಫೇಸ್ ಒಂದು ಸರ್ಕ್ಯೂಟಿನದು, ನ್ಯೂಟ್ರಲ್ ಇನ್ನೊಂದರದು ಆಗುತ್ತದೆ.

ಆ ಎರಡು ಸರ್ಕ್ಯೂಟುಗಳಲ್ಲಿ ಒಂದು ಮಾತ್ರ ಆರ್‌ಸಿಸಿಬಿಯ ಮೂಲಕ ಹಾದುಬಂದಿದ್ದರೆ, ಇಲ್ಲವೇ ಎರಡಕ್ಕೂ ಬೇರೆ ಬೇರೆ ಆರ್‌ಸಿಸಿಬಿ ಇದ್ದರೆ, ಹೋದ ಕರೆಂಟ್ ವಾಪಸು ಬರುವುದೇ ಇಲ್ಲ. ಎಲ್ಲಿಯೂ ಸೋರಿಕೆ ಇಲ್ಲ, ಉಪಕರಣಗಳೆಲ್ಲ ಚೆನ್ನಾಗಿವೆ, ಆದರೂ ಆರ್‌ಸಿಸಿಬಿ ಬೀಳುತ್ತದೆ. ಅರ್ಧ ವ್ಯಾಟಿನ ರಾತ್ರಿ ದೀಪ ಹಾಕಿದರೆ ನಿಲ್ಲುತ್ತದೆ, ಇಸ್ತ್ರಿ ಪೆಟ್ಟಿಗೆ ಹಾಕಿದರೆ ಬೀಳುತ್ತದೆ. ಇದನ್ನು ಕಂಡವರು ‘ಲೋಡ್ ತಾಳುತ್ತಿಲ್ಲ, ದೊಡ್ಡ ಆರ್‌ಸಿಸಿಬಿ ಹಾಕಬೇಕು’ ಎನ್ನುತ್ತಾರೆ. ಕಾರಣ ಬೇರೆಯೇ. ರಾತ್ರಿ ದೀಪ ಎಳೆಯುವುದು ಕೆಲವೇ ಮಿಲಿ ಆಂಪಿಯರ್. ಅಷ್ಟೂ ದಾರಿ ತಪ್ಪಿದರೂ ಆರ್‌ಸಿಸಿಬಿಯ ಮಿತಿ ದಾಟುವುದಿಲ್ಲ. 60 ವ್ಯಾಟಿನ ಹಳೆಯ ತಂತಿ ಬಲ್ಬು 230 ವೋಲ್ಟಿನಲ್ಲಿ ಸುಮಾರು 260 ಮಿಲಿ ಆಂಪಿಯರ್ ಎಳೆಯುತ್ತದೆ, ಮಿತಿಯ ಎಂಟು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಮನೆಯವರು ಮಾಡಬಹುದಾದ ಅತ್ಯುತ್ತಮ ಪರೀಕ್ಷೆ ಇದು: ಎರಡು ಪಿನ್ನಿನ ಪ್ಲಗ್ಗಿಗೆ ಹೋಲ್ಡರ್ ಜೋಡಿಸಿ 60 ವ್ಯಾಟಿನ ತಂತಿ ಬಲ್ಬು ಹಾಕಿ ಆ ಸಾಕೆಟ್ಟಿಗೆ ಚುಚ್ಚಿ. ಹೋಲ್ಡರಿಗೆ ಅರ್ತ್ ಇಲ್ಲವಾದ್ದರಿಂದ ಬಲ್ಬಿನಿಂದ ಸೋರಿಕೆಯಾಗುವ ಪ್ರಶ್ನೆ ಇಲ್ಲ. ಆದರೂ ಆರ್‌ಸಿಸಿಬಿ ಪ್ರತಿ ಸಲವೂ ಬಿದ್ದರೆ ನ್ಯೂಟ್ರಲ್ ಬೇರೆ ಕಡೆಯದು ಎಂದೇ ಮೊದಲು ಅನುಮಾನಿಸಬೇಕು.

ಬಲ್ಬಿಗೆ ಬೀಳದೆ ಒಂದೇ ಒಂದು ಉಪಕರಣಕ್ಕೆ ಬಿದ್ದರೆ ದೋಷ ಆ ಉಪಕರಣದ್ದು. ಗೀಸರಿನ, ಇಸ್ತ್ರಿ ಪೆಟ್ಟಿಗೆಯ ಕಾಯಿಲ್‌ಗಳಲ್ಲಿ ತೇವ ಸೇರಿ ಸೋರಿಕೆ ಬರುವುದು ಸಾಮಾನ್ಯ.

ಹೊಸ ಸಾಕೆಟ್ಟಿಗೆ ಏನನ್ನೂ ಚುಚ್ಚದೆ ಇದ್ದಾಗಲೂ ಆಗೊಮ್ಮೆ ಈಗೊಮ್ಮೆ ಬೀಳುತ್ತಿದ್ದರೆ ಹುಡುಕಾಟ ಸ್ವಲ್ಪ ಕಷ್ಟ. ಹೊಸ ಸಾಕೆಟ್ಟಿನ ಹಿಂದೆ ನ್ಯೂಟ್ರಲ್ ವೈರಿನ ಒಂದು ಎಳೆ ಅರ್ತ್ ವೈರನ್ನು ತಾಗುತ್ತಿರಬಹುದು. ಆಗ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಮಲಗುವ ಕೋಣೆಯ ದೋಷಕ್ಕೆ ಆರ್‌ಸಿಸಿಬಿ ಬೀಳುತ್ತದೆ. ಮಿಕ್ಸಿಯ ಕರೆಂಟಿನಲ್ಲಿ ಒಂದು ಪಾಲು ನ್ಯೂಟ್ರಲಿನ ಬದಲು ಅರ್ತ್ ಮೂಲಕ ಹೋಗಿಬಿಟ್ಟಿತು ಎಂಬುದೇ ಕಾರಣ. ಮಲಗುವ ಕೋಣೆಯ ಎಂಸಿಬಿ ಇಳಿಸಿದರೂ ಇದು ನಿಲ್ಲದಿರಬಹುದು. ಎಂಸಿಬಿ ಕತ್ತರಿಸುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಜೋಡಿಕೊಂಡೇ ಇರುತ್ತದೆ. ಒಂದೊಂದೇ ಎಂಸಿಬಿ ಇಳಿಸುತ್ತ ಹುಡುಕಿ, ಎಲ್ಲ ಸರಿಯಿದೆ ಎಂದು ತಲೆ ಕೆಡಿಸಿಕೊಂಡವರು ಬಹಳ. ಇಲ್ಲಿ ವೈರ್‌ಮನ್ ಮೇನ್ ಇಳಿಸಿ, ನ್ಯೂಟ್ರಲ್ ಲಿಂಕಿನಿಂದ (ನ್ಯೂಟ್ರಲ್ ವೈರುಗಳೆಲ್ಲ ಸೇರುವ ಲೋಹದ ಪಟ್ಟಿ) ಒಂದೊಂದೇ ನ್ಯೂಟ್ರಲ್ ಬಿಚ್ಚಿ, ಪ್ರತಿಯೊಂದಕ್ಕೂ ಅರ್ತಿಗೂ ನಡುವೆ ಮೀಟರ್ ಹಿಡಿಯಬೇಕು. ಯಾವುದು ಸೊನ್ನೆಯ ಹತ್ತಿರ ತೋರಿಸುತ್ತದೋ ಆ ಸರ್ಕ್ಯೂಟನ್ನು ಹಿಡಿದು ಹೋದರೆ ತಾಗಿರುವ ಜಾಗ ಸಿಗುತ್ತದೆ. ನ್ಯೂಟ್ರಲ್ ಬಿಚ್ಚಿದಾಗಲೇ ಎರಡನೆಯ ಕೆಲಸವನ್ನೂ ಮುಗಿಸಬಹುದು: ಹೊಸ ಸಾಕೆಟ್ಟಿನ ನ್ಯೂಟ್ರಲ್ ಯಾವ ಸರ್ಕ್ಯೂಟಿನದು ಎಂದು ಕಂಟಿನ್ಯುಟಿ (ವೈರಿನ ಎರಡು ತುದಿಗಳು ಒಂದಕ್ಕೊಂದು ಕೂಡಿವೆಯೇ ಎಂದು ಮೀಟರಿನಲ್ಲಿ) ನೋಡಿ ಗುರುತಿಸಿ, ಅದರ ಫೇಸ್ ಬಂದಿರುವ ಸರ್ಕ್ಯೂಟಿನೊಂದಿಗೆ ತಾಳೆ ನೋಡಬಹುದು. ಆ ಹೊತ್ತಿನಲ್ಲಿ ಎಲ್ಲ ಉಪಕರಣ, ದೀಪಗಳನ್ನು ತೆಗೆದಿಡಬೇಕು, ಇಲ್ಲದಿದ್ದರೆ ಅವುಗಳ ಮೂಲಕವೇ ಮೀಟರ್ ಓದುತ್ತದೆ.

ಎರವಲು ನ್ಯೂಟ್ರಲ್ ಇದ್ದೂ ಆರ್‌ಸಿಸಿಬಿ ಬೀಳದೆ ಇರುವ ಮನೆಗಳ ಬಗ್ಗೆ ನನಗೆ ಹೆಚ್ಚು ಭಯ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಯಾವ ಸರ್ಕ್ಯೂಟಿನ ನ್ಯೂಟ್ರಲ್ ಬಳಸಿದರೂ ಲೆಕ್ಕ ಸರಿಹೋಗುತ್ತದೆ. ಬರೀ ಫ್ಯೂಸ್ ಇರುವ ಮನೆಯಲ್ಲಂತೂ ಸುಳಿವೇ ಸಿಗುವುದಿಲ್ಲ. ಮುಂದೊಂದು ದಿನ ಯಾರೋ ಆಚೆ ಕೋಣೆಯ ಎಂಸಿಬಿ ಇಳಿಸಿ, ಅಲ್ಲಿನ ಬೋರ್ಡ್ ತೆರೆದು, ಕರೆಂಟ್ ಇಲ್ಲ ಎಂದು ನಂಬಿ ನ್ಯೂಟ್ರಲ್ ಜಾಯಿಂಟ್ ಬಿಚ್ಚುತ್ತಾರೆ. ಈಚೆ ಕೋಣೆಯ ಸಾಕೆಟ್ಟಿನಲ್ಲಿ ಒಂದು ಉಪಕರಣ ಚಾಲೂ ಇದ್ದರೆ ಸಾಕು, ಬಿಚ್ಚಿದ ಆ ತುದಿಗೆ ಉಪಕರಣದ ಮೂಲಕ ಪೂರ್ತಿ 230 ವೋಲ್ಟ್ ಬಂದು ನಿಲ್ಲುತ್ತದೆ.

‘ಆರ್‌ಸಿಸಿಬಿ ಹಾಕಿಸುವವರೆಗೆ ಏನೂ ತೊಂದರೆ ಇರಲಿಲ್ಲ, ಅದನ್ನೇ ತೆಗೆಸಿಬಿಟ್ಟೆವು’ ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಷ್ಟು ವರ್ಷ ಅಡಗಿದ್ದ ದೋಷವನ್ನು ಅದು ತೋರಿಸಿಕೊಟ್ಟಿದೆ. 30ರ ಬದಲು 100 ಅಥವಾ 300 ಮಿಲಿ ಆಂಪಿಯರಿನದನ್ನು ಹಾಕಿ ಸುಮ್ಮನಾಗಿಸುವುದೂ ಸರಿಯಲ್ಲ. ಆ ಮಟ್ಟದವು ಬೆಂಕಿಯ ಅಪಾಯಕ್ಕಾಗಿ ಇರುವಂಥವು, ಮೈಮೇಲೆ ಹರಿಯುವ ಕರೆಂಟನ್ನು ಸಮಯಕ್ಕೆ ತಡೆಯುವಂಥವಲ್ಲ.

ಟೆಸ್ಟರ್ ಹೊತ್ತುತ್ತದೆ, ಉಪಕರಣ ಓಡುವುದಿಲ್ಲ

ಟೆಸ್ಟರ್ ಹೊತ್ತಿತು ಎಂದರೆ ಫೇಸ್ ಬಂದಿದೆ ಎಂದಷ್ಟೇ ಅರ್ಥ. ವಾಪಸು ಹೋಗುವ ದಾರಿ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು. ಉಪಕರಣದ ಪ್ಲಗ್ ಹಾಕಿ, ಸ್ವಿಚ್ ಒತ್ತಿ, ಪಕ್ಕದ ಸಾಕೆಟ್ಟಿನ ಎರಡೂ ತೂತುಗಳಲ್ಲಿ ಟೆಸ್ಟರ್ ಹೊತ್ತುತ್ತಿದ್ದರೆ ನ್ಯೂಟ್ರಲ್ ಎಲ್ಲೋ ಕಡಿದಿದೆ ಎಂದು ಖಚಿತವಾಗಿ ಹೇಳಬಹುದು.

ಡಿಜಿಟಲ್ ಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಅದರ ಒಳರೋಧ ಬಹಳ ಹೆಚ್ಚಾದ್ದರಿಂದ, ಕಡಿದುಹೋದ ವೈರ್ ಪಕ್ಕದ ವೈರಿನ ಜೊತೆಗೆ ಓಡಿದ್ದಕ್ಕೇ 40, 70, 90 ಎಂದು ಏನೇನೋ ವೋಲ್ಟ್ ತೋರಿಸುತ್ತದೆ. ‘ವೋಲ್ಟೇಜ್ ಕಡಿಮೆ ಇದೆ’ ಎಂದು ಸ್ಟೆಬಿಲೈಸರ್ ಕೊಂಡವರೂ ಇದ್ದಾರೆ. ವೈರ್‌ಮನ್ ತನ್ನ ಟೆಸ್ಟ್ ಲ್ಯಾಂಪನ್ನು ಫೇಸ್-ನ್ಯೂಟ್ರಲ್ ನಡುವೆ ಹಿಡಿದರೆ ಸತ್ಯ ತಕ್ಷಣ ತಿಳಿಯುತ್ತದೆ: ಆ ಸುಳ್ಳು ವೋಲ್ಟೇಜಿಗೆ ಬಲ್ಬು ಹೊತ್ತುವುದಿಲ್ಲ.

ಹಳೆಯ ಮೀಟರ್ ಬೋರ್ಡುಗಳಲ್ಲಿ ಒಂದು ವಿಶೇಷ ಜಾಗವನ್ನು ಮೊದಲು ನೋಡಬೇಕು. ಆಗ ಫೇಸಿಗೊಂದು, ನ್ಯೂಟ್ರಲಿಗೊಂದು ಎಂದು ಎರಡು ಪಿಂಗಾಣಿ ಕಟೌಟ್ ಹಾಕುವ ರೂಢಿ ಇತ್ತು. ನ್ಯೂಟ್ರಲಿನ ಫ್ಯೂಸ್ ಸುಟ್ಟರೆ ಮನೆ ಕತ್ತಲಾಗುತ್ತದೆ, ಆದರೆ ಎಲ್ಲ ಪಾಯಿಂಟುಗಳಲ್ಲಿಯೂ ಕರೆಂಟ್ ಕಾದು ಕುಳಿತಿರುತ್ತದೆ. ನ್ಯೂಟ್ರಲಿನಲ್ಲಿ ಫ್ಯೂಸ್ ಇರಕೂಡದು. ಇದು ಕಂಡರೆ ದುರಸ್ತಿಯ ಜೊತೆಗೇ ಅದನ್ನು ತೆಗೆಸಿ ನ್ಯೂಟ್ರಲ್ ಲಿಂಕ್ ಹಾಕಿಸಿ. ಕಟೌಟ್ ಸರಿಯಿದ್ದರೆ ಮುಂದಿನ ಶಂಕೆ ಜಂಕ್ಷನ್ ಬಾಕ್ಸಿನೊಳಗೆ ತಿರುಚಿ ಟೇಪು ಸುತ್ತಿದ ಜಾಯಿಂಟಿನ ಮೇಲೆ. ಹೆಂಚಿನ ಮನೆಯ ಅಟ್ಟದಲ್ಲಾದರೆ ಇಲಿ ಕಡಿದ ಜಾಗವೂ ಇರಬಹುದು.

ಮುಟ್ಟಿದರೆ ಜುಮ್ ಎನ್ನುತ್ತದೆ

ಕಂಪ್ಯೂಟರ್, ಟಿವಿಗಳ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಸಣ್ಣ ಕೆಪಾಸಿಟರ್ ಜೋಡಿಸಿರುತ್ತಾರೆ. ಅರ್ತ್ ಇದ್ದರೆ ಆ ಅಲ್ಪ ಕರೆಂಟ್ ಅತ್ತ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಲೋಹದ ಮೈ ಸುಮಾರು ಅರ್ಧ ವೋಲ್ಟೇಜಿಗೆ, ಅಂದರೆ 115ರ ಆಸುಪಾಸಿಗೆ ಏರುತ್ತದೆ. ಆ ಜುಮ್ ಸಾಮಾನ್ಯವಾಗಿ ಪ್ರಾಣ ತೆಗೆಯುವಷ್ಟಿರುವುದಿಲ್ಲ, ಆದರೆ ಮೂರನೆಯ ತೂತಿನ ಹಿಂದೆ ಏನೂ ಇಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತಿದೆ. ನಾಳೆ ಅದೇ ಸಾಕೆಟ್ಟಿಗೆ ಕಾಯಿಲ್ ಕೆಟ್ಟ ಇಸ್ತ್ರಿ ಪೆಟ್ಟಿಗೆ ಬಂದರೆ ಮೈಗೆ ಬರುವುದು ಪೂರ್ತಿ ವೋಲ್ಟೇಜ್, ಅದರ ಕರೆಂಟಿಗೆ ಮಿತಿಯೂ ಇಲ್ಲ.

ಹಳೆಯ ಮನೆಗಳಲ್ಲಿ ಅರ್ತ್ ಹೇಗೆ ಕಳೆದುಹೋಗುತ್ತದೆ? ಅಂಗಳದಲ್ಲಿ ಇದ್ದಲು, ಉಪ್ಪು ತುಂಬಿ ಕೂರಿಸಿದ ಅರ್ತ್ ಪೈಪಿಗೆ ನೀರು ಹಾಕುವವರಿಲ್ಲದೆ ಗುಂಡಿ ಒಣಗಿರುತ್ತದೆ. ಅದರ ಮೇಲೆ ಕಾರು ನಿಲ್ಲಿಸಲು ಸಿಮೆಂಟ್ ಹಾಕಿ ಮುಚ್ಚಿದ್ದೂ ಉಂಟು. ಎಷ್ಟೋ ಮನೆಗಳಲ್ಲಿ ಅರ್ತ್ ವೈರನ್ನು ಬಚ್ಚಲಿನ ಕಬ್ಬಿಣದ ನೀರಿನ ಪೈಪಿಗೆ ಸುತ್ತಿದ್ದರು. ಆಮೇಲೆ ಪೈಪು ತುಕ್ಕು ಹಿಡಿದು ಪಿವಿಸಿ ಪೈಪು ಬಂತು. ವೈರ್ ಅಲ್ಲೇ ಇದೆ, ಅರ್ತ್ ಇಲ್ಲ. ಕೊಳಾಯಿ ಕೆಲಸದವರಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ.

ಅರ್ತ್ ಪರೀಕ್ಷೆ ಎಂದು ಹಲವರು ಫೇಸ್‌ಗೂ ಅರ್ತ್‌ಗೂ ನಡುವೆ ಬಲ್ಬು ಹೊತ್ತಿಸಿ ತೋರಿಸುತ್ತಾರೆ. (ಆರ್‌ಸಿಸಿಬಿ ಇದ್ದರೆ ಅದು ಬೀಳುತ್ತದೆ, ಬೀಳಲೇಬೇಕು.) ಬಲ್ಬು ಹೊತ್ತಿದರೆ ಅರ್ತ್ ಸರಿಯಿದೆ ಎಂಬ ನಂಬಿಕೆ ಅಪಾಯಕಾರಿ. ಉರಿಯುತ್ತಿರುವ 60 ವ್ಯಾಟ್ ಬಲ್ಬಿನ ರೋಧ ಸುಮಾರು 880 ಓಮ್. ಅರ್ತ್ ಗುಂಡಿಯ ರೋಧ 100 ಓಮ್ ಇದ್ದರೂ ಬಲ್ಬು ಸ್ವಲ್ಪ ಮಂಕಾಗಿ ಚೆನ್ನಾಗಿಯೇ ಉರಿಯುತ್ತದೆ. ಆದರೆ ಅಂಥ ಅರ್ತಿಗೆ ನೇರವಾಗಿ ಫೇಸ್ ತಾಗಿದರೆ ಹರಿಯುವುದು 230 ಭಾಗಿಸು 100, ಅಂದರೆ 2.3 ಆಂಪಿಯರ್. ಅದಕ್ಕೆ 5 ಆಂಪಿಯರಿನ ಫ್ಯೂಸೂ ಸುಡುವುದಿಲ್ಲ, 16 ಆಂಪಿಯರಿನ ಎಂಸಿಬಿಯೂ ಬೀಳುವುದಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಕರೆಂಟ್ ನಿಂತೇ ಇರುತ್ತದೆ. ಅರ್ತಿನ ನಿಜವಾದ ಅಳತೆಗೆ ಅರ್ತ್ ಟೆಸ್ಟರ್ ಬೇಕು, ಅದನ್ನು ಬಳಸಬಲ್ಲವರು ಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದಾಗ ಅದು ಬಿದ್ದರೆ ಆರ್‌ಸಿಸಿಬಿ ಜೀವಂತವಾಗಿದೆ ಎಂದು ತಿಳಿಯುತ್ತದೆ, ಮನೆಯ ಅರ್ತ್ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ.

ಇಲ್ಲಿ ಒಂದು ಕೆಟ್ಟ ರೂಢಿಯನ್ನು ಹೆಸರಿಟ್ಟು ಹೇಳಬೇಕು. ಅರ್ತ್ ಇಲ್ಲದ ಕಡೆ, ಜುಮ್ ನಿಲ್ಲಲಿ ಎಂದು ಸಾಕೆಟ್ಟಿನ ಹಿಂದೆ ನ್ಯೂಟ್ರಲಿನಿಂದ ಅರ್ತ್ ಪಿನ್ನಿಗೆ ಸಣ್ಣ ವೈರಿನ ತುಂಡು ಹಾಕಿಬಿಡುತ್ತಾರೆ. ಜುಮ್ ನಿಲ್ಲುತ್ತದೆ. ಎಂದಾದರೂ ಹಿಂದೆ ಎಲ್ಲೋ ಆ ನ್ಯೂಟ್ರಲ್ ಕಡಿದರೆ, ಉಪಕರಣದ ಮೂಲಕ ಬಂದ ಫೇಸ್ ನೇರವಾಗಿ ಅದರ ಲೋಹದ ಮೈಗೆ ಬರುತ್ತದೆ. ಹಳೆಯ ಮನೆಯಲ್ಲಿ ನ್ಯೂಟ್ರಲ್ ಕಡಿಯುವುದು ಎಷ್ಟು ಸುಲಭ ಎಂದು ಮೇಲೆ ನೋಡಿದೆವು. ಪತ್ತೆ ಮಾಡುವುದು ಹೀಗೆ: ಎರಡೂ ತಂತಿ ಕತ್ತರಿಸುವ ಡಬಲ್ ಪೋಲ್ ಮೇನ್ ಇಳಿಸಿ, ಎಲ್ಲ ಪ್ಲಗ್ ತೆಗೆದು, ಸಾಕೆಟ್ಟಿನ ನ್ಯೂಟ್ರಲ್-ಅರ್ತ್ ನಡುವೆ ಓಮ್ ನೋಡಿ. ಸೊನ್ನೆಯ ಹತ್ತಿರ ಬಂದರೆ ತುಂಡು ಇದೆ, ಅಥವಾ ತಾಗಿದೆ. ಕರೆಂಟ್ ಇರುವಾಗ ದೊಡ್ಡ ಲೋಡ್ ಹಾಕಿ ಅದೇ ಎರಡರ ನಡುವೆ ವೋಲ್ಟ್ ಅಳೆದರೂ ಸುಳಿವು ಸಿಗುತ್ತದೆ: ಸರಿಯಾದ ಅರ್ತ್ ಇದ್ದಲ್ಲಿ ಒಂದೆರಡು ವೋಲ್ಟ್ ಕಾಣುವುದು ಸಹಜ, ಇಸ್ತ್ರಿ ಪೆಟ್ಟಿಗೆ ಕಾಯುತ್ತಿರುವಾಗಲೂ ಅಚ್ಚುಕಟ್ಟಾಗಿ ಸೊನ್ನೆ ಬಂದರೆ ಹಿಂದೆ ಬಿಚ್ಚಿ ನೋಡಲೇಬೇಕು.

ಪ್ಲಗ್ ಬಿಸಿ, ಮೀನಿನಂಥ ವಾಸನೆ, ದೀಪ ಮಿಣುಕು

ಸ್ವಿಚ್ ಬೋರ್ಡಿನಿಂದ ಮೀನಿನ ವಾಸನೆಯಂಥದ್ದು ಬಂದರೆ ಕಾದ ಪ್ಲಾಸ್ಟಿಕ್ ಬೇಯುತ್ತಿದೆ ಎಂದು ತಿಳಿಯಿರಿ. ಆ ಪಾಯಿಂಟಿನ ಬಳಕೆಯನ್ನು ಅದೇ ಕ್ಷಣ ನಿಲ್ಲಿಸಿ.

ಇದರ ಹಿಂದೆ ಇರುವುದು ಸಡಿಲ ಜಾಯಿಂಟ್. ಎಪ್ಪತ್ತು-ಎಂಬತ್ತರ ದಶಕದ ಹಲವು ಮನೆಗಳಲ್ಲಿ ಅಲ್ಯೂಮಿನಿಯಂ ವೈರ್ ಇದೆ. ಹೊಸ ಪಾಯಿಂಟಿಗೆ ತಂದ ತಾಮ್ರದ ವೈರನ್ನು ಅದಕ್ಕೆ ತಿರುಚಿ ಟೇಪು ಸುತ್ತಿದರೆ ಒಂದೆರಡು ವರ್ಷ ನಡೆಯುತ್ತದೆ. ಅಲ್ಯೂಮಿನಿಯಂ ಮೇಲೆ ಕರೆಂಟ್ ಹರಿಯಗೊಡದ ಆಕ್ಸೈಡ್ ಪದರ ಬೆಳೆಯುತ್ತದೆ, ಬಿಗಿದ ಸ್ಕ್ರೂವಿನಡಿ ಆ ಲೋಹ ಮೆಲ್ಲಗೆ ಹರಿದು ಸಡಿಲವಾಗುತ್ತದೆ, ತೇವ ಸೇರಿದರೆ ಎರಡು ಲೋಹಗಳ ನಡುವೆ ಸವೆತವೂ ಶುರುವಾಗುತ್ತದೆ. ಟೇಪು ಬಿಚ್ಚಿದಾಗ ಬಿಳಿ ಪುಡಿ, ಕರಕಲು ಹೊದಿಕೆ ಕಂಡರೆ ಬೇರೆ ಸಾಕ್ಷಿ ಬೇಡ. ಎರಡು ಲೋಹಗಳಿಗೆಂದೇ ಮಾಡಿದ ಕನೆಕ್ಟರ್ ಇಲ್ಲದೆ ಈ ಜಾಯಿಂಟ್ ಮಾಡಬಾರದು.

ಬಿಚ್ಚದೆಯೇ ಇದನ್ನು ಹಿಡಿಯುವ ಒಂದು ಲೆಕ್ಕವಿದೆ, ನನಗೆ ಬಹಳ ಇಷ್ಟವಾದದ್ದು. 1.5 ಚದರ ಮಿ.ಮೀ. ತಾಮ್ರದ ವೈರಿನ ರೋಧ ಕಿಲೋಮೀಟರಿಗೆ 12.1 ಓಮ್. ಬೋರ್ಡಿನಿಂದ ಸಾಕೆಟ್ಟಿಗೆ 15 ಮೀಟರ್ ದೂರ ಎಂದಿಟ್ಟುಕೊಳ್ಳಿ. ಹೋಗಿ ಬರುವ ದಾರಿ 30 ಮೀಟರ್, ರೋಧ ಸುಮಾರು 0.36 ಓಮ್. 2000 ವ್ಯಾಟಿನ ಹೀಟರ್ ಎಳೆಯುವುದು 8.7 ಆಂಪಿಯರ್. ವೈರಿನಲ್ಲಿ ಕಳೆಯಬೇಕಾದದ್ದು ಸುಮಾರು 3 ವೋಲ್ಟ್ ಮಾತ್ರ. ಹೀಟರ್ ಹಾಕುವ ಮೊದಲು, ಹಾಕಿದ ಮೇಲೆ ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟ್ ಅಳೆಯಿರಿ. ಮೀಟರ್ ಬೋರ್ಡಿನಲ್ಲಿಯೂ ವೈರ್‌ಮನ್ ಕೈಯಲ್ಲಿ ಅಳೆಸಿ, ಏಕೆಂದರೆ ಕಂಬದಿಂದಲೇ ಸ್ವಲ್ಪ ಇಳಿಯುತ್ತದೆ. ಮೀಟರ್ ಬೋರ್ಡಿನಲ್ಲಿ ಇಳಿದದ್ದನ್ನು ಕಳೆದ ಮೇಲೂ 13 ವೋಲ್ಟ್ ಇಳಿದಿದ್ದರೆ ಉಳಿದ 10 ವೋಲ್ಟ್ ಎಲ್ಲಿ ಹೋಯಿತು? ಯಾವುದೋ ಒಂದು ಜಾಯಿಂಟಿನಲ್ಲಿ. 10 ವೋಲ್ಟ್, 8.7 ಆಂಪಿಯರ್: 87 ವ್ಯಾಟ್ ಶಾಖ. ಮರದ ಬೋರ್ಡಿನೊಳಗೆ, ಗಾಳಿಯಾಡದ ಜಾಗದಲ್ಲಿ, ಹತ್ತಿರ ಹತ್ತಿರ ನೂರು ವ್ಯಾಟಿನ ಬಲ್ಬು ಉರಿಸಿಟ್ಟಂತೆ. ಎಂಸಿಬಿ ಇದನ್ನು ಕಾಣುವುದೇ ಇಲ್ಲ, ಏಕೆಂದರೆ ಕರೆಂಟ್ 8.7 ಆಂಪಿಯರ್ ದಾಟಿಲ್ಲ.

ಹಾಗಾಗಿ ದೀಪದ ಸರ್ಕ್ಯೂಟಿನಿಂದ 16 ಆಂಪಿಯರ್ ಸಾಕೆಟ್ ಕೊಟ್ಟಿದ್ದರೆ, ಜಾಯಿಂಟ್ ಸರಿಮಾಡಿ ಸುಮ್ಮನಾಗಬೇಡಿ. ದೀಪ-ಫ್ಯಾನ್ ಸರ್ಕ್ಯೂಟಿಗೆ ನಮ್ಮಲ್ಲಿ ಇರುವ ಮಿತಿ ಹತ್ತು ಪಾಯಿಂಟ್, 800 ವ್ಯಾಟ್. ಹಳೆಯ ವೈರ್‌ಮನ್‌ಗಳು ಇಂದಿಗೂ 3/22 (22 ಗೇಜಿನ ಮೂರು ಎಳೆ) ಎನ್ನುವ ವೈರಿನಲ್ಲಿ ಇರುವ ತಾಮ್ರ 1.2 ಚದರ ಮಿ.ಮೀ. ಅಷ್ಟೆ. ಅದರ ಮೇಲೆ 2000 ವ್ಯಾಟಿನ ಇಂಡಕ್ಷನ್ ಒಲೆ ಹಾಕಿ, ಫ್ಯೂಸ್ ಸುಡುತ್ತದೆ ಎಂದು ಕಟೌಟಿಗೆ ದಪ್ಪ ತಂತಿ ಕಟ್ಟಿದರೆ, ಇನ್ನು ಫ್ಯೂಸಿನ ಕೆಲಸವನ್ನು ಗೋಡೆಯೊಳಗಿನ ವೈರ್ ಮಾಡಬೇಕಾಗುತ್ತದೆ.

ಹೊಸ ಫ್ಯೂಸ್ ಹಾಕಿದ ಕೂಡಲೇ ಸುಡುತ್ತದೆ

ಎಲ್ಲ ಪ್ಲಗ್ ತೆಗೆದ ಮೇಲೂ ಸುಟ್ಟರೆ ಅದು ಶಾರ್ಟ್. ಮತ್ತೆ ಮತ್ತೆ ಫ್ಯೂಸ್ ಕಟ್ಟಿ ನೋಡುವುದು ಪ್ರತಿ ಸಲವೂ ಗೋಡೆಯೊಳಗೆ ಕಿಡಿ ಹಾರಿಸಿದಂತೆ. ಅನುಭವಿ ವೈರ್‌ಮನ್‌ಗಳ ಹಳೆಯ ಕ್ರಮ ಇಂದಿಗೂ ಒಳ್ಳೆಯದು: ಮೇನ್ ಇಳಿಸಿ, ಫ್ಯೂಸ್ ಕ್ಯಾರಿಯರ್ ತೆಗೆದು, ಅದರ ಎರಡು ತುದಿಗಳ ನಡುವೆ 100 ವ್ಯಾಟಿನ ತಂತಿ ಬಲ್ಬು ಜೋಡಿಸಿ, ಮೇನ್ ಏರಿಸುವುದು. ಬಲ್ಬು ಪೂರ್ತಿ ಪ್ರಕಾಶದಲ್ಲಿ ಉರಿದರೆ ಶಾರ್ಟ್ ಇದೆ. ಅರ್ಧ ಆಂಪಿಯರ್‌ಗಿಂತ ಹೆಚ್ಚು ಹರಿಯಲು ಬಲ್ಬು ಬಿಡುವುದಿಲ್ಲ, ವೈರ್ ಸುಡುವುದಿಲ್ಲ. ಮತ್ತೆ ಮೇನ್ ಇಳಿಸಿ, ಹೊಸ ಪಾಯಿಂಟಿನ ವೈರನ್ನು ಬಿಚ್ಚಿ, ಮೇನ್ ಏರಿಸಿ ನೋಡಿದಾಗ ಬಲ್ಬು ಆರಿದರೆ ದೋಷ ಹೊಸ ವೈರಿನಲ್ಲಿ. ಆರದಿದ್ದರೆ ತೂತು ಕೊರೆಯುವಾಗ ಹಳೆಯ ವೈರಿಗೆ ಪೆಟ್ಟಾಗಿದೆಯೇ ನೋಡಬೇಕು. ಸಾಕೆಟ್ ಪೆಟ್ಟಿಗೆಗೆ ಹೊಡೆದ ಸ್ಕ್ರೂ ಅಡಿಯಲ್ಲಿ ಹಾದುಹೋದ ವೈರನ್ನು ಚುಚ್ಚಿರುವುದು ಸಾಮಾನ್ಯ ಕಾರಣ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು.

ಮಳೆ ಬಂದರೆ ಮಾತ್ರ ತೊಂದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಗಳಲ್ಲಿ ಈ ದೂರು ನಿತ್ಯದ್ದು. ಗಾರೆಯ ಗೋಡೆ ತೇವ ಹೀರುತ್ತದೆ, ಬಿರುಕು ಬಿಟ್ಟ ಹೊದಿಕೆಯಿಂದ ಕರೆಂಟ್ ಗೋಡೆಗೆ ಸೋರುತ್ತದೆ, ಸಂಜೆ ಆರ್‌ಸಿಸಿಬಿ ನಿಲ್ಲುವುದಿಲ್ಲ, ಬಿಸಿಲು ಬಂದರೆ ಸರಿಹೋಗುತ್ತದೆ. ಬಿಸಿಲಿನ ದಿನ ಬಂದ ವೈರ್‌ಮನ್‌ಗೆ ಏನೂ ಕಾಣುವುದಿಲ್ಲ. ತೊಂದರೆ ಇರುವ ದಿನವೇ 500 ವೋಲ್ಟಿನ ಮೆಗ್ಗರ್ ಹಿಡಿಸಬೇಕು. ಅದಕ್ಕೆ ಮೊದಲು ಎಲ್‌ಇಡಿ ದೀಪ, ಟಿವಿ, ಯುಪಿಎಸ್, ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಎಲ್ಲವನ್ನೂ ಬಿಡಿಸಿರಬೇಕು, ಇಲ್ಲದಿದ್ದರೆ 500 ವೋಲ್ಟಿಗೆ ಅವು ಹಾಳಾಗುತ್ತವೆ. ಫೇಸ್-ನ್ಯೂಟ್ರಲ್ ಸೇರಿಸಿ ಅರ್ತಿಗೆ ಅಳೆದಾಗ 1 ಮೆಗಾಓಮ್‌ಗಿಂತ ಕಡಿಮೆ ಬಂದ ಸರ್ಕ್ಯೂಟನ್ನು ಭಾಗ ಮಾಡಿ ಮತ್ತೆ ಅಳೆಯುತ್ತ ಹೋದರೆ ತೇವದ ಗೋಡೆ ಯಾವುದು ಎಂದು ತಿಳಿಯುತ್ತದೆ. ಹೊಸ ಸಾಕೆಟ್ಟಿಗಾಗಿ ಹೊರಗೋಡೆಯಲ್ಲಿ ತೋಡಿದ ಗಾಡಿಯನ್ನು (ವೈರ್ ಕೂರಿಸುವ ಕಾಲುವೆ) ಸರಿಯಾಗಿ ಮುಚ್ಚದೆ ನೀರು ಇಳಿಯುತ್ತಿರುವುದನ್ನೂ ನೋಡಿ.

ಯುಪಿಎಸ್ ಲೈನಿನ ಗೊಂದಲ

ಕರೆಂಟ್ ಹೋದಾಗ ಮಾತ್ರ ತೊಂದರೆ ಬಂದರೆ, ಅಥವಾ ಯುಪಿಎಸ್ ‘ಓವರ್‌ಲೋಡ್’ ಎಂದು ಕೂಗಿ ನಿಂತರೆ, ಹೊಸ ಸಾಕೆಟ್ಟಿನ ಫೇಸನ್ನು ಯುಪಿಎಸ್ ಲೈನಿನಿಂದ ತೆಗೆದಿರಬಹುದು. ಮೇನ್ ಇಳಿಸಿ, ಯುಪಿಎಸ್ ಚಾಲೂ ಇಟ್ಟು, ಸಾಕೆಟ್ಟಿಗೆ ರಾತ್ರಿ ದೀಪ ಹಾಕಿದರೆ ಗೊತ್ತಾಗುತ್ತದೆ.

ದುರಸ್ತಿಯೋ, ಹೊಸ ಲೈನೋ

ನನ್ನ ಅಭಿಪ್ರಾಯ ಸ್ಪಷ್ಟವಿದೆ. ಹೊಸ ಪಾಯಿಂಟಿಗೆ ಮೇನ್ ಬೋರ್ಡಿನಿಂದಲೇ ಅದರದೇ ಫೇಸ್, ಅದರದೇ ನ್ಯೂಟ್ರಲ್, ಅದರದೇ ಅರ್ತ್ ಎಂದು ಮೂರು ವೈರ್, ಅದರದೇ ಎಂಸಿಬಿ. 6 ಆಂಪಿಯರ್ ಸಾಕೆಟ್ಟಿಗೆ 1.5, 16 ಆಂಪಿಯರ್ ಸಾಕೆಟ್ಟಿಗೆ 2.5 ಅಥವಾ ದೂರ ಹೆಚ್ಚಿದ್ದರೆ 4 ಚದರ ಮಿ.ಮೀ. ತಾಮ್ರ. ಮಣ್ಣಿನ ಗೋಡೆ, ಸುಣ್ಣದ ಗಾರೆ ಇರುವಲ್ಲಿ ಕೊರೆಯಬೇಡಿ. ಒಂದು ಗಾಡಿ ತೋಡಿದರೆ ಅಂಗೈಯಗಲ ಗಾರೆ ಉದುರುತ್ತದೆ. ಗೋಡೆಯ ಮೇಲೆ ಪಿವಿಸಿ ಕೇಸಿಂಗ್-ಕ್ಯಾಪಿಂಗ್ ಪಟ್ಟಿಯಲ್ಲಿ ಎಳೆಯಿರಿ. ನೋಡಲು ಅಷ್ಟು ಚೆಂದವಿಲ್ಲ ಎಂದು ಹಿಂಜರಿಯುವವರಿಗೆ ಹೇಳುತ್ತೇನೆ: ಮುಂದೆ ದೋಷ ಬಂದರೆ ಕ್ಯಾಪ್ ತೆಗೆದು ಕಣ್ಣಾರೆ ನೋಡಬಹುದು, ಹಳೆಯ ವೈರನ್ನು ಮುಟ್ಟಬೇಕಾದ್ದೇ ಇಲ್ಲ. ಹಳೆಯ ಸರ್ಕ್ಯೂಟ್ ದೀಪ-ಫ್ಯಾನಿಗೆ ಉಳಿಯಲಿ, ಅದೂ ಮೆಗ್ಗರ್ ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ.

ಗೀಸರ್, ಎಸಿ ಸೇರಿಸುವವರು ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ನಿಮ್ಮ ಎಸ್ಕಾಂಗೆ ಅರ್ಜಿ ಕೊಡಿ. ಮೀಟರಿಗಿಂತ ಹಿಂದಿನ ವೈರ್, ಕಂಬದ ಕಡೆಯ ಸಡಿಲ ನ್ಯೂಟ್ರಲ್ ಅವರ ಜವಾಬ್ದಾರಿ. ಇಡೀ ಮನೆಯ ದೀಪಗಳು ಒಮ್ಮೆ ಅತಿ ಪ್ರಕಾಶ, ಒಮ್ಮೆ ಮಂಕು ಆಗುತ್ತಿದ್ದರೆ ಮೇನ್ ಇಳಿಸಿ 1912ಕ್ಕೆ ಕರೆ ಮಾಡಿ.

ಕೆಲಸ ಮುಗಿದ ಮೇಲೆ ವೈರ್‌ಮನ್ ಹೊರಡುವ ಮೊದಲು ಅವರ ಎದುರಿನಲ್ಲೇ ಇಷ್ಟು ನೋಡಿ: ಅರ್ತ್ ತೂತು ಮೇಲಿರುವಂತೆ ಎದುರಿನಿಂದ ನೋಡಿದಾಗ ಬಲಗಡೆ ಫೇಸ್ ಇರಬೇಕು. 60 ವ್ಯಾಟಿನ ಬಲ್ಬು ಹಾಕಿದರೆ ಆರ್‌ಸಿಸಿಬಿ ಬೀಳಬಾರದು, ಟೆಸ್ಟ್ ಬಟನ್ ಒತ್ತಿದರೆ ಬೀಳಬೇಕು. ಈ ಪಾಯಿಂಟಿನ ಎಂಸಿಬಿ ಇಳಿಸಿದರೆ ಇದೊಂದೇ ಸಾಯಬೇಕು, ಬೇರೆ ಯಾವ ಎಂಸಿಬಿ ಇಳಿಸಿದರೂ ಇದು ಸಾಯಬಾರದು. 2000 ವ್ಯಾಟಿನ ಲೋಡನ್ನು ಅರ್ಧ ಗಂಟೆ ಓಡಿಸಿ, ಆರಿಸಿ, ಪ್ಲಗ್ ತೆಗೆದು ಪಿನ್ನುಗಳ ಪಕ್ಕದ ಪ್ಲಾಸ್ಟಿಕ್ಕನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳಿಡಲಾಗದಷ್ಟು ಬಿಸಿಯಿದ್ದರೆ ಸ್ಕ್ರೂ ಬಿಗಿಸಿ ಮತ್ತೊಮ್ಮೆ ಓಡಿಸಬೇಕು. ಯಾವ ಎಂಸಿಬಿಯಿಂದ ಯಾವ ಕೋಣೆಗೆ, ವೈರ್ ಯಾವ ಅಳತೆಯದು, ಮೆಗ್ಗರ್ ಎಷ್ಟು ತೋರಿಸಿತು ಎಂಬುದನ್ನು ದಿನಾಂಕದೊಂದಿಗೆ ಬರೆದು ಬೋರ್ಡಿನ ಬಾಗಿಲಿನ ಒಳಬದಿಗೆ ಅಂಟಿಸಿ.